ಕಾಣೋಕೆ ಒಂದು ಲೈಟು, ಕಾಣಿಸಿಕೊಳ್ಳೋಕೆ ಇನ್ನೊಂದು

ಕಳೆದ ಸಂಚಿಕೆಯಲ್ಲಿ ಸೈಕಲ್ ಬ್ರೇಕ್ ಬಗ್ಗೆ ಬರೆದಾಗ ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೆ: ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಗುಂಡಿ ಕಂಡರೆ ತಾನೇ ಹಿಡಿಯೋದು ಅಂತ. ಬ್ರೇಕಿಗಿಂತ ಆ ಒಂದು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಎಲ್ಲದಕ್ಕೂ ಜಾಗ ಇಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಉದ್ದದ ಪತ್ರಗಳನ್ನು ಕತ್ತರಿಸಿದ್ದೇನೆ. ಯಾವ ಕಂಪನಿಯದು ಕೊಳ್ಳಲಿ ಅಂತ ಕೇಳಿದವರು ಬೇಜಾರು ಮಾಡ್ಕೋಬೇಡಿ, ಹೆಸರು ಹೇಳುವುದಿಲ್ಲ. ಇವತ್ತಿನ ಮಾಡೆಲ್ ಮುಂದಿನ ವರ್ಷ ಸಿಗುವುದಿಲ್ಲ. ಏನು ನೋಡಿ ಕೊಳ್ಳಬೇಕು ಅನ್ನೋದನ್ನು ಹೇಳುತ್ತೇನೆ.

ಪ್ರಶ್ನೆ: ಸರ್, ರಾತ್ರಿ ಪಾಳಿ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಬರುತ್ತೇನೆ. ಅರ್ಧ ದಾರಿ ಬೀದಿ ದೀಪ ಇದೆ, ಇನ್ನರ್ಧ ಗವ್ವೆನ್ನುವ ಕತ್ತಲು. ಲೈಟ್ ನೋಡೋಕೆ ಹೋದರೆ ಒಂದರ ಮೇಲೆ 200 ಲ್ಯೂಮೆನ್, ಇನ್ನೊಂದರ ಮೇಲೆ 1,000, ಮತ್ತೊಂದರ ಮೇಲೆ 10,000 ಅಂತ ಬರೆದಿದೆ. ಜಾಸ್ತಿ ಇರೋದನ್ನೇ ತಗೊಂಡರೆ ಆಯ್ತಲ್ವಾ?

ಉತ್ತರ: ಆಗಲ್ಲ. ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಸೈಕಲ್ ಲೈಟಿಗೆ ಎರಡು ಕೆಲಸ. ದಾರಿ ನಿಮಗೆ ಕಾಣಬೇಕು, ಅದು ಒಂದು. ನೀವು ಬೇರೆಯವರಿಗೆ ಕಾಣಿಸಬೇಕು, ಅದು ಇನ್ನೊಂದು. ಬೀದಿ ದೀಪ ಇರುವ ನಿಮ್ಮ ಅರ್ಧ ದಾರಿಯಲ್ಲಿ ಎರಡನೆಯ ಕೆಲಸ ಮಾತ್ರ ಇದೆ. ಅಲ್ಲಿ 100–200 ಲ್ಯೂಮೆನ್ ಧಾರಾಳ. ಕತ್ತಲಿನ ಅರ್ಧದಲ್ಲಿ ಎರಡೂ ಬೇಕು. ಅಲ್ಲಿಗೆ 400ರಿಂದ 600 ಲ್ಯೂಮೆನ್ ಇರುವ, ಬೆಳಕನ್ನು ರಸ್ತೆಗೆ ಸರಿಯಾಗಿ ಬೀಳಿಸುವ ಲೈಟ್ ಸಾಕು. ಕಲ್ಲು ಮುಳ್ಳಿನ ಕಾಡು ದಾರಿಯಲ್ಲಿ ಜೋರಾಗಿ ಇಳಿಯುವವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು. ನಿಮಗೆ ಬೇಡ.

‘ಸರಿಯಾಗಿ ಬೀಳಿಸುವ’ ಅಂದೆನಲ್ಲ, ವಿಷಯ ಇರೋದೇ ಅಲ್ಲಿ. ಲ್ಯೂಮೆನ್ ಅಂದರೆ ಲೈಟಿನಿಂದ ಹೊರಗೆ ಬರುವ ಒಟ್ಟು ಬೆಳಕು. ಅದು ಆಕಾಶಕ್ಕೆ ಹೋಯಿತಾ, ಮರದ ತುದಿಗೆ ಹೋಯಿತಾ, ರಸ್ತೆಗೆ ಬಿತ್ತಾ ಅಂತ ಲ್ಯೂಮೆನ್ ಹೇಳುವುದಿಲ್ಲ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬಿತ್ತು ಅಂತ ಹೇಳೋದು ಲಕ್ಸ್. ಬಕೆಟ್ ತುಂಬ ನೀರಿದೆ ಅನ್ನೋದು ಬೇರೆ, ಗಿಡದ ಬುಡಕ್ಕೆ ಎಷ್ಟು ಬಿತ್ತು ಅನ್ನೋದು ಬೇರೆ ಅಲ್ವಾ? ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಎಲ್ಲ ದಿಕ್ಕಿಗೂ ಚೆಲ್ಲುವ 1,000 ಲ್ಯೂಮೆನ್ ಲೈಟಿಗಿಂತ ಒಳ್ಳೆಯ ಲೆನ್ಸ್ ಇರುವ 300 ಲ್ಯೂಮೆನ್ ಲೈಟ್ ದೂರದ ಗುಂಡಿಯನ್ನು ಬೇಗ ತೋರಿಸಬಹುದು.

ಎಷ್ಟು ದೂರ ಕಾಣಬೇಕು? ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್ ಹೋಗುತ್ತೀರಿ. ಗುಂಡಿ ಕಂಡು, ಅದು ಗುಂಡಿ ಅಂತ ತಲೆಗೆ ಹೊಳೆದು, ಕೈ ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ 8 ಮೀಟರ್ ದಾಟಿರುತ್ತದೆ. ಆಮೇಲೆ ಸೈಕಲ್ ನಿಲ್ಲೋಕೆ ಇನ್ನೂ 4 ಮೀಟರ್. ಒಟ್ಟು 12. ಅದೇ 30 ಕಿ.ಮೀ. ವೇಗ ಆದರೆ 21 ಮೀಟರ್ ಹತ್ತಿರ ಬರುತ್ತದೆ. ರಸ್ತೆ ಒದ್ದೆ ಇದ್ದರೆ ಇನ್ನೂ ಜಾಸ್ತಿ. ಅಂದರೆ 20–25 ಮೀಟರ್ ದೂರದಲ್ಲಿ ರಸ್ತೆಯ ಮೇಲ್ಮೈ ಸ್ಪಷ್ಟವಾಗಿ ಕಂಡರೆ ನಿಮ್ಮ ಕೆಲಸ ನಡೆಯುತ್ತದೆ. ಕೊಳ್ಳುವ ಮೊದಲು ಸಾಧ್ಯ ಆದರೆ ಕತ್ತಲಲ್ಲಿ 25 ಹೆಜ್ಜೆ ಎಣಿಸಿ ಅಲ್ಲೊಂದು ಕಲ್ಲಿಟ್ಟು ನೋಡಿ.

ಇನ್ನು ಆ 10,000 ಲ್ಯೂಮೆನ್ ಡಬ್ಬ. ಅದನ್ನು ಬಿಡಿ, ಸ್ವಲ್ಪ ಮರ್ಯಾದೆಯಾಗಿ ಸುಳ್ಳು ಹೇಳುವ ಡಬ್ಬವನ್ನು ತಗೊಳ್ಳೋಣ: ‘2,000 ಲ್ಯೂಮೆನ್, 8 ಗಂಟೆ’. ಅದರ ಒಳಗೆ ಇರೋದು 18650 ಅನ್ನುವ ಒಂದೇ ಒಂದು ಲಿಥಿಯಂ ಸೆಲ್. 18 ಅಂದರೆ ಅದರ ಅಡ್ಡಳತೆ 18 ಮಿಲಿಮೀಟರ್, 65 ಅಂದರೆ ಉದ್ದ 65 ಮಿಲಿಮೀಟರ್. ಆ ಗಾತ್ರದ ಒಳ್ಳೆಯ ಸೆಲ್‌ನಲ್ಲಿ ಸುಮಾರು 3,500 ಮಿಲಿಆ್ಯಂಪ್ ಅವರ್ ಹಿಡಿಯುತ್ತದೆ, ವೋಲ್ಟ್ 3.6. ಗುಣಿಸಿ ಸಾವಿರದಿಂದ ಭಾಗಿಸಿದರೆ 12.6 ವ್ಯಾಟ್ ಅವರ್, ಅಂದರೆ 12.6 ವ್ಯಾಟ್‌ನಲ್ಲಿ ಒಂದು ಗಂಟೆ ಉರಿಯುವಷ್ಟು. ಇಂಥ ಲೈಟುಗಳಲ್ಲಿ ಸರ್ಕೀಟು, ಲೆನ್ಸ್ ನುಂಗೋದೆಲ್ಲ ಕಳೆದು ಒಂದು ವ್ಯಾಟಿಗೆ 100 ಲ್ಯೂಮೆನ್ ಅಂತ ಹಿಡಿಯಿರಿ. 2,000 ಲ್ಯೂಮೆನ್‌ಗೆ 20 ವ್ಯಾಟ್ ಬೇಕು. 12.6ನ್ನು 20ರಿಂದ ಭಾಗಿಸಿ. ನಲವತ್ತು ನಿಮಿಷಕ್ಕೂ ಬರಲಿಲ್ಲ! ಎಂಟು ಗಂಟೆ ನಿಜವಾಗಿಯೂ ಉರಿಯಬೇಕಾದರೆ ಬೆಳಕು 150 ಲ್ಯೂಮೆನ್ ಆಸುಪಾಸಿನಲ್ಲಿರಬೇಕು. ಎರಡು ಸಂಖ್ಯೆಯನ್ನೂ ಒಂದೇ ಸಾಲಿನಲ್ಲಿ ಬರೆದರೆ ಎರಡೂ ಒಟ್ಟಿಗೆ ಸಿಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಮಾರುವವರಿಗೂ ಅದೇ ಬೇಕು.

ಇನ್ನೊಂದು ಸೂಕ್ಷ್ಮ ಇದೆ. ಟಾರ್ಚುಗಳಿಗೆ ಎಫ್‌ಎಲ್1 ಅನ್ನುವ ಅಮೆರಿಕದ ಅಳತೆ ಪದ್ಧತಿ ಇದೆ, ಕೆಲವು ಸೈಕಲ್ ಲೈಟುಗಳೂ ಅದನ್ನು ಅನುಸರಿಸುತ್ತವೆ. ಅದರಲ್ಲಿ ‘ಉರಿಯುವ ಸಮಯ’ ಅಂದರೆ ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ. 600ರಲ್ಲಿ ಶುರುವಾಗಿದ್ದು 60ಕ್ಕೆ ಇಳಿದು ಮಿಣಿಮಿಣಿ ಅನ್ನುವುದೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ನಿಮ್ಮ ದಾರಿ ಒಂದು ಗಂಟೆಯದಾದರೆ, ನಿಮಗೆ ಬೇಕಾದ ಬೆಳಕಿನಲ್ಲಿ ಎರಡು ಗಂಟೆ ಅಂತ ಹೇಳುವ ಲೈಟ್ ಕೊಳ್ಳಿ. ಗರಿಷ್ಠ ಬೆಳಕು 800 ಇರುವ ಲೈಟನ್ನು 400ರಲ್ಲಿ ಓಡಿಸಿದರೆ ಬಿಸಿಯೂ ಕಡಿಮೆ, ಬಾಳಿಕೆಯೂ ಜಾಸ್ತಿ. ಬೀದಿ ದೀಪದ ಕೆಳಗೆ ಇನ್ನೂ ಇಳಿಸಿ.

ಪ್ರಶ್ನೆ: ನನ್ನದು ಒಳ್ಳೆಯ ಲೈಟೇ. ಆದರೆ ಎದುರಿಗೆ ಬರುವವರು ಬೈಯುತ್ತಾರೆ. ಕಾರಿನವರು ಹೈಬೀಮ್ ಹಾಕಿ ಸೇಡು ತೀರಿಸಿಕೊಳ್ಳುತ್ತಾರೆ. ನಾನು ಸೈಕಲ್‌ನವನು, ನನ್ನ ಪುಟ್ಟ ಲೈಟ್ ಅವರಿಗೆ ಅಷ್ಟು ತೊಂದರೆ ಕೊಡುತ್ತದಾ?

ಉತ್ತರ: ಕೊಡುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಕೆಲಸ ಮಾಡಿ. ಕತ್ತಲಾದ ಮೇಲೆ ಸೈಕಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಲೈಟ್ ಹಚ್ಚಿ, ಮೂವತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ಸೈಕಲ್ ಕಡೆಗೆ ನಡೆದು ಬನ್ನಿ. ನಾನು ಇದನ್ನು ಮಾಡಿದ್ದು ಲೈಟ್ ಕೊಂಡು ಒಂದು ವರ್ಷ ಆದ ಮೇಲೆ. ಹದಿನೈದು ಹೆಜ್ಜೆ ಹತ್ತಿರ ಬಂದಾಗ ನನ್ನ ಸೈಕಲ್ಲೇ ನನಗೆ ಕಾಣಲಿಲ್ಲ, ಬರೀ ಒಂದು ಬಿಳಿ ಗುಂಡು. ಕಣ್ಣು ಆಚೆ ತಿರುಗಿಸಿದ ಮೇಲೂ ನೇರಳೆ ಬಣ್ಣದ ಮಚ್ಚೆ ಸ್ವಲ್ಪ ಹೊತ್ತು ಜೊತೆಗೇ ಬಂತು. ಒಂದು ವರ್ಷ ಎಷ್ಟು ಜನರ ಬಾಯಲ್ಲಿ ಏನೇನು ಅನ್ನಿಸಿಕೊಂಡಿರಬಹುದು ಅಂತ ಆಗ ಗೊತ್ತಾಯಿತು.

ಕಾರಣ ಸರಳ. ಬಹಳಷ್ಟು ಸೈಕಲ್ ಲೈಟುಗಳು ಟಾರ್ಚಿನ ಹಾಗೆ ದುಂಡಗೆ ಬೆಳಕು ಬಿಡುತ್ತವೆ. ದುಂಡಿನ ಕೆಳಗಿನ ಅರ್ಧ ರಸ್ತೆಗೆ, ಮೇಲಿನ ಅರ್ಧ ಎದುರಿನವರ ಮುಖಕ್ಕೆ. ಕಾರು, ಮೋಟರ್‌ಸೈಕಲ್‌ಗಳ ಲೋಬೀಮ್ ಹಾಗಲ್ಲ, ಒಂದು ಗೆರೆಗಿಂತ ಮೇಲೆ ಬೆಳಕು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಸೈಕಲ್ಲಿಗೂ ಇಂಥ ಲೈಟ್ ಸಿಗುತ್ತದೆ. ಜರ್ಮನಿಯಲ್ಲಂತೂ ಅದು ಕಾನೂನು: ಲೈಟ್ ಎದುರಿನವರ ಕಣ್ಣು ಕೋರೈಸಬಾರದು, ಆದರೆ 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಬೆಳಕು ಬೀಳಬೇಕು. ಪರೀಕ್ಷೆ ಪಾಸಾದ ಲೈಟಿನ ಮೇಲೆ ಅಲೆಯಂಥ ಒಂದು ಗೆರೆ, ಅದರ ಪಕ್ಕ ಇಂಗ್ಲಿಷಿನ ಕೆ ಅಕ್ಷರ, ಒಂದು ಸಂಖ್ಯೆ ಅಚ್ಚಾಗಿರುತ್ತದೆ. ನೀವು ಯಾವ ದೇಶದಲ್ಲೇ ಇರಿ, ಆ ಗುರುತು ಕಂಡರೆ ಇದು ಮೇಲೆ ಬೆಳಕು ಚೆಲ್ಲದ ಲೈಟ್ ಅಂತ ತಿಳಿಯಬಹುದು. ಅದರಲ್ಲಿ ಇನ್ನೊಂದು ಲಾಭವೂ ಇದೆ. ಆಕಾಶಕ್ಕೆ ಹೋಗಬೇಕಾಗಿದ್ದ ಬೆಳಕೆಲ್ಲ ರಸ್ತೆಗೇ ಬೀಳುವುದರಿಂದ ಕಡಿಮೆ ಬ್ಯಾಟರಿಯಲ್ಲಿ ಜಾಸ್ತಿ ಕಾಣುತ್ತದೆ.

ಹೊಸದು ಕೊಳ್ಳೋಕೆ ಆಗಲ್ಲ ಅಂದರೆ ಇರುವ ಲೈಟನ್ನೇ ಬಗ್ಗಿಸಿ. ಎಷ್ಟು? ಗೋಡೆಯಿಂದ 5 ಮೀಟರ್ ದೂರದಲ್ಲಿ ಸೈಕಲ್ ನಿಲ್ಲಿಸಿ. ಲೈಟ್ ನೆಲದಿಂದ 1 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಬೆಳಕಿನ ನಡು ಭಾಗ ರಸ್ತೆಗೆ 20 ಮೀಟರ್ ದೂರದಲ್ಲಿ ಬೀಳಬೇಕಾದರೆ ಗೋಡೆಯ ಮೇಲೆ ಅದು 75 ಸೆಂಟಿಮೀಟರ್ ಎತ್ತರದಲ್ಲಿ ಕಾಣಬೇಕು. ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಹೊಂದಿಸಿ. ನೀವು ಸೀಟಿನ ಮೇಲೆ ಕೂತಾಗ ಇನ್ನೊಬ್ಬರು ನೋಡಿದರೆ ಇನ್ನೂ ಒಳ್ಳೆಯದು. ಹೊಂದಿಸಿದ ಮೇಲೆ ಹ್ಯಾಂಡಲ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗುರುತು ಮಾಡಿಬಿಡಿ. ರಬ್ಬರ್ ಪಟ್ಟಿಯ ಲೈಟುಗಳು ನಾಲ್ಕು ಹಳ್ಳ ಹಾರಿದರೆ ತಲೆ ತಗ್ಗಿಸುತ್ತವೆ, ಇಲ್ಲವೇ ಆಕಾಶ ನೋಡುತ್ತವೆ.

ತೀರಾ ಜಾಸ್ತಿಯೂ ಬಗ್ಗಿಸಬೇಡಿ. ಮುಂದಿನ ಚಕ್ರದ ಎದುರಿಗೇ ಬೆಳಕು ಸುರಿದರೆ ಕಣ್ಣು ಆ ಬೆಳಕಿಗೇ ಒಗ್ಗಿಕೊಂಡು, ಅದರಾಚೆ ಎಲ್ಲ ಇನ್ನೂ ಕಪ್ಪಾಗಿ ಕಾಣುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ 20–30 ನಿಮಿಷ ಬೇಕು, ಕೆಡೋಕೆ ಕೆಲವು ಸೆಕೆಂಡ್ ಸಾಕು.

ಪ್ರಶ್ನೆ: ಹಿಂದಿನ ಲೈಟ್ ಮಿನುಗಬೇಕಾ, ಒಂದೇ ಸಮ ಉರಿಯಬೇಕಾ? ನಮ್ಮ ಸೈಕಲ್ ಗುಂಪಿನಲ್ಲಿ ಇದಕ್ಕೆ ಜಗಳವೇ ನಡೆದಿದೆ.

ಉತ್ತರ: ನಿಮ್ಮ ಗುಂಪಿನಲ್ಲಿ ಮಾತ್ರ ಅಲ್ಲ, ದೇಶ ದೇಶಗಳೇ ಒಪ್ಪಿಲ್ಲ. ಬ್ರಿಟನ್‌ನಲ್ಲಿ 2005ರಿಂದ ಮಿನುಗುವ ಲೈಟಿಗೆ ಅನುಮತಿ ಇದೆ, ನಿಮಿಷಕ್ಕೆ 60ರಿಂದ 240 ಸಲದ ಒಳಗೆ ಮಿನುಗಬೇಕು. ಜರ್ಮನಿಯಲ್ಲಿ ಸೈಕಲ್ ಮೇಲಿನ ಲೈಟ್ ಮಿನುಗುವಂತೆಯೇ ಇಲ್ಲ. ನಿಮ್ಮಲ್ಲಿನ ನಿಯಮ ಏನು ಅಂತ ಮೊದಲು ನೋಡಿಕೊಳ್ಳಿ.

ಎರಡು ಕಡೆಯವರ ಮಾತಿನಲ್ಲೂ ಹುರುಳಿದೆ. ಮಿನುಗುವುದು ಬೇಗ ಗಮನ ಸೆಳೆಯುತ್ತದೆ. ಆದರೆ ಅದು ಎಷ್ಟು ದೂರದಲ್ಲಿದೆ, ಯಾವ ಕಡೆ ಸರಿಯುತ್ತಿದೆ ಅಂತ ಹಿಂದಿನವರಿಗೆ ಅಂದಾಜು ಸಿಗೋದು ಕಷ್ಟ. ಒಂದು ಮಿನುಗಿಗೂ ಇನ್ನೊಂದು ಮಿನುಗಿಗೂ ನಡುವೆ ನೀವು ಮಾಯವಾಗಿರುತ್ತೀರಲ್ಲ! ನನ್ನ ಅಭಿಪ್ರಾಯ ಕೇಳಿದರೆ: ಒಂದೇ ಲೈಟ್ ಇದ್ದರೆ ಒಂದೇ ಸಮ ಉರಿಯಲಿ. ಎರಡಿದ್ದರೆ ಒಂದು ಉರಿಯಲಿ, ಒಂದು ನಿಧಾನವಾಗಿ ಮಿನುಗಲಿ. ಗುಂಪಿನಲ್ಲಿ ಹೋಗುವಾಗ ಎಲ್ಲರೂ ಮಿನುಗಿಸಬೇಡಿ, ಹಿಂದೆ ಬರುವ ಗೆಳೆಯನ ತಲೆ ಸುತ್ತುತ್ತದೆ. ಕೆಲವು ಲೈಟುಗಳಲ್ಲಿ ಹತ್ತು ಹನ್ನೆರಡು ಥರದ ಮಿನುಗಾಟ ಇರುತ್ತದೆ, ಜಾತ್ರೆಯ ಸೀರಿಯಲ್ ಸೆಟ್ ನಾಚಬೇಕು. ಅಷ್ಟನ್ನೂ ಒಂದೇ ಬಟನ್‌ನಲ್ಲಿ ಒತ್ತಿ ಒತ್ತಿ ದಾಟಬೇಕು. ಮೂರು ಇದ್ದರೆ ಸಾಕಾಗಿತ್ತು.

ಹಿಂದಿನ ಲೈಟಿನಲ್ಲಿ ನಿಜವಾದ ಸಮಸ್ಯೆ ಇದಲ್ಲ. ಅದು ಕಾಣ್ತಾ ಇದೆಯಾ ಅನ್ನೋದೇ ಸಮಸ್ಯೆ. ಮುಂದಿನದು ಆರಿದರೆ ತಕ್ಷಣ ಗೊತ್ತಾಗುತ್ತದೆ. ಹಿಂದಿನದು ಆರಿದರೆ ಮನೆ ಮುಟ್ಟುವವರೆಗೂ ಗೊತ್ತಾಗುವುದಿಲ್ಲ. ನಾನು ಒಂದು ಮಳೆಗಾಲ ಪೂರ್ತಿ ಸೀಟ್ ಪೋಸ್ಟಿಗೆ ಲೈಟ್ ಕಟ್ಟಿಕೊಂಡು ಧೈರ್ಯವಾಗಿ ಓಡಾಡಿದ್ದೇನೆ. ರೇನ್‌ಕೋಟಿನ ಹಿಂಭಾಗ ಇಳಿಬಿದ್ದು ಲೈಟನ್ನು ಪೂರ್ತಿ ಮುಚ್ಚಿತ್ತು. ಹಿಂದಿನಿಂದ ಬಂದ ಒಬ್ಬರು ಸಿಗ್ನಲ್‌ನಲ್ಲಿ ಪಕ್ಕಕ್ಕೆ ನಿಲ್ಲಿಸಿ, ‘ನಿಮ್ಮ ಕೋಟಿನ ಒಳಗೆ ಏನೋ ಕೆಂಪಗೆ ಉರೀತಾ ಇದೆ, ನೋಡ್ಕೊಳ್ಳಿ’ ಅಂದರು. ಬೆಂಕಿ ಹತ್ತಿದೆ ಅಂದುಕೊಂಡಿದ್ದರು ಪಾಪ. ಅವತ್ತಿನಿಂದ ಲೈಟ್ ಕ್ಯಾರಿಯರ್ ತುದಿಗೆ ಬಂದಿದೆ. ಕ್ಯಾರಿಯರ್ ಮೇಲೆ ಬ್ಯಾಗ್ ಹೇರುವವರು, ಸೀಟಿನ ಕೆಳಗೆ ಚೀಲ ನೇತು ಹಾಕುವವರು ಎಲ್ಲ ಹೇರಿದ ಮೇಲೆ ಹಿಂದೆ ಹೋಗಿ ನಿಂತು ನೋಡಿ. ಲೈಟ್ ನೆಲಕ್ಕೂ ಅಲ್ಲ ಆಕಾಶಕ್ಕೂ ಅಲ್ಲ, ನೇರವಾಗಿ ಹಿಂದಕ್ಕೆ ನೋಡಬೇಕು. ಎಲ್‌ಇಡಿಗಳ ಬೆಳಕು ಒಂದೇ ದಿಕ್ಕಿಗೆ ಹೋಗುವುದು ಜಾಸ್ತಿ, ಸ್ವಲ್ಪ ವಾಲಿದರೂ ದೂರದವರಿಗೆ ಮಂಕಾಗುತ್ತದೆ.

ಪ್ರಶ್ನೆ: ಕಣ್ಣು ಕುಕ್ಕುವ ಹಳದಿ–ಹಸಿರು ಜಾಕೆಟ್ ಹಾಕುತ್ತೇನೆ. ಮತ್ತೆ ಲೈಟ್ ಯಾಕೆ ಅಂತ?

ಉತ್ತರ: ಆ ಬಣ್ಣ ಕಣ್ಣು ಕುಕ್ಕೋದು ಹಗಲಲ್ಲಿ. ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ಹೀರಿ ಹಳದಿಯಾಗಿ ಉಗುಳುವುದರಿಂದ ಅದಕ್ಕೆ ಆ ಹೊಳಪು. ರಾತ್ರಿ ಆ ಕಿರಣ ಇಲ್ಲ, ಹೊಳಪೂ ಇಲ್ಲ. ಅದೂ ಒಂದು ಬಟ್ಟೆ ಅಷ್ಟೇ. ರಾತ್ರಿ ಕೆಲಸಕ್ಕೆ ಬರೋದು ಅದರ ಮೇಲೆ ಹೊಲಿದಿರುವ ಬೂದು ಬಣ್ಣದ ಪಟ್ಟಿ. ಅದು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತದೆ, ಹಾಗಾಗಿ ಕಾರಿನವರ ಕಣ್ಣಿಗೆ ಅದು ಧಗ್ಗನೆ ಹೊತ್ತಿಕೊಳ್ಳುತ್ತದೆ.

ಪಟ್ಟಿ ಎಲ್ಲಿ ಹಾಕಬೇಕು ಗೊತ್ತಾ? ಕಾಲಿಗೆ. ಪಾದದ ಗಂಟಿನ ಹತ್ತಿರ ಒಂದು, ಸಾಧ್ಯ ಆದರೆ ಮೊಣಕಾಲಿಗೆ ಇನ್ನೊಂದು. ಸ್ವೀಡನ್ನಿನ ಮನಃಶಾಸ್ತ್ರಜ್ಞ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಜನರ ಕೀಲುಗಳಿಗೆ ಮಾತ್ರ ಬೆಳಕಿನ ಚುಕ್ಕಿ ಹಚ್ಚಿ, ಕತ್ತಲಲ್ಲಿ ಚಿತ್ರೀಕರಿಸಿ ತೋರಿಸಿದರು. ಚುಕ್ಕಿಗಳು ನಿಂತಿದ್ದಾಗ ಏನೂ ಅರ್ಥ ಆಗಲ್ಲ. ಅಲುಗಾಡಿದ ತಕ್ಷಣ ನೋಡುವವರಿಗೆ ‘ಓ, ಮನುಷ್ಯ ನಡೀತಿದ್ದಾನೆ’ ಅಂತ ಹೊಳೆಯುತ್ತದೆ. ಪೆಡಲ್ ತುಳಿಯುವ ಕಾಲಿನ ಪಟ್ಟಿ ಮಾಡೋದು ಅದೇ. ಮೇಲೆ ಕೆಳಗೆ, ಮೇಲೆ ಕೆಳಗೆ. ಏನೋ ಹೊಳೀತಿದೆ ಅನ್ನಿಸೋದಲ್ಲ, ಸೈಕಲ್ ಅಂತಲೇ ಗೊತ್ತಾಗುತ್ತದೆ. ಪೆಡಲ್ಲಿನ ಹಳದಿ ರಿಫ್ಲೆಕ್ಟರುಗಳನ್ನು ಅಂದ ಕೆಡಿಸುತ್ತವೆ ಅಂತ ಕಿತ್ತು ಬಿಸಾಡುವವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಆದರೂ ಲೈಟ್ ಬೇಕೇ ಬೇಕು. ರಿಫ್ಲೆಕ್ಟರಿಗೆ ಸ್ವಂತ ಬೆಳಕಿಲ್ಲ. ಅಡ್ಡ ರಸ್ತೆಯಿಂದ ಬರುವ ಕಾರಿನ ಬೆಳಕು ನಿಮ್ಮ ಮೇಲೆ ಬೀಳುವ ಹೊತ್ತಿಗೆ ಅದು ನಿಮ್ಮ ಪಕ್ಕಕ್ಕೇ ಬಂದಿರಬಹುದು. ಪಕ್ಕಕ್ಕೂ ಸ್ವಲ್ಪ ಬೆಳಕು ಬಿಡುವ ಕಿಟಕಿ ಇರುವ ಲೈಟ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲೂ ಸೈಕಲ್ಲಿಗೆ ಹಿಂದೆ ಕೆಂಪು ರಿಫ್ಲೆಕ್ಟರ್, ಜೊತೆಗೆ ಮುಂದೆ ಬಿಳಿ ಅಥವಾ ಹಳದಿ ಬೆಳಕು, ಹಿಂದೆ ಕೆಂಪು ಬೆಳಕು ಬಿಡುವ ಏರ್ಪಾಡು ಇರಬೇಕು ಅಂತ ಇದೆ. ಒಂದು ಇದ್ದರೆ ಇನ್ನೊಂದು ಬೇಡ ಅಂತ ಅಲ್ಲಿಲ್ಲ.

ಪ್ರಶ್ನೆ: ಬೆಳಗಿನ ಜಾವ ದಟ್ಟ ಮಂಜಿನಲ್ಲಿ ಹೋಗಬೇಕು. ಹೆಲ್ಮೆಟ್ ಮೇಲೆ ಕಟ್ಟುವ ಲೈಟ್ ತಂದೆ, ಏನೂ ಕಾಣ್ತಿಲ್ಲ, ಮೊದಲಿಗಿಂತ ಹಾಳು. ಹಳದಿ ಲೈಟ್ ಮಂಜನ್ನು ಸೀಳುತ್ತದೆ ಅಂತಾರೆ, ನಿಜಾನಾ?

ಉತ್ತರ: ಹಳದಿಯೂ ಸೀಳಲ್ಲ, ಬಿಳಿಯೂ ಸೀಳಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಅವು ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ಥರ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣೋದು ಅದಕ್ಕೇ. ಹಳದಿ ಕೆಲವರ ಕಣ್ಣಿಗೆ ಹಿತ ಅನ್ನಿಸಬಹುದು, ಅಷ್ಟೇ.

ನಿಮ್ಮ ತೊಂದರೆ ಬಣ್ಣದ್ದಲ್ಲ, ಜಾಗದ್ದು. ಹೆಲ್ಮೆಟ್ ಲೈಟ್ ಕಣ್ಣಿಗೆ ನಾಲ್ಕು ಬೆರಳು ಮೇಲೆ ಕೂತಿದೆ. ಅಲ್ಲಿಂದ ಹೊರಟ ಬೆಳಕು ಹನಿಗೆ ಬಡಿದು ನೇರ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಬಿಳಿ ಪರದೆ ಕಟ್ಟಿದ ಹಾಗೆ. ಲೈಟ್ ಕಣ್ಣಿನಿಂದ ದೂರ ಇದ್ದಷ್ಟೂ ಒಳ್ಳೆಯದು. ಹ್ಯಾಂಡಲ್ಲಿಗಿಂತ ಕೆಳಗೆ, ಮುಂದಿನ ಫೋರ್ಕ್ ಮೇಲೋ ಮಡ್‌ಗಾರ್ಡ್ ಮೇಲೋ ಕಟ್ಟಿ, ಸ್ವಲ್ಪ ಬಗ್ಗಿಸಿ, ಬೆಳಕು ಇಳಿಸಿ. ಹೌದು, ಮಂಜಿನಲ್ಲಿ ಬೆಳಕು ಜಾಸ್ತಿ ಮಾಡಿದರೆ ಪರದೆ ಇನ್ನೂ ದಪ್ಪ ಆಗುತ್ತದೆ. ಜೋರು ಮಳೆಯಲ್ಲೂ ಸುಮಾರಾಗಿ ಇದೇ ಕಥೆ, ಜೊತೆಗೆ ಒದ್ದೆ ಡಾಂಬರು ನಿಮ್ಮ ಬೆಳಕನ್ನು ಕನ್ನಡಿಯ ಹಾಗೆ ಮುಂದಕ್ಕೆ ಜಾರಿಸಿಬಿಡುತ್ತದೆ, ವಾಪಸ್ ಬರೋದು ಕಡಿಮೆ. ಲೈಟ್ ಕೆಟ್ಟಿದೆಯಾ ಅಂತ ಅನುಮಾನ ಬರುವುದು ಅದಕ್ಕೇ. ಹಿಂದಿನ ಲೈಟ್ ಮಾತ್ರ ಮಂಜಿನಲ್ಲಿ ಪೂರ್ತಿ ಜೋರಾಗಿಡಿ.

ಹೆಲ್ಮೆಟ್ ಲೈಟನ್ನು ಬಿಸಾಡಬೇಡಿ. ಮಂಜಿಲ್ಲದ ರಾತ್ರಿ ತಿರುವಿನಲ್ಲಿ, ಪಂಕ್ಚರ್ ಹಾಕುವಾಗ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಎದುರಿನವರ ಮುಖ ನೋಡಿ ಮಾತಾಡುವಾಗ ಮಾತ್ರ ಆರಿಸಿ.

ಪ್ರಶ್ನೆ: ‘ವಾಟರ್‌ಪ್ರೂಫ್’ ಅಂತ ಬರೆದಿದ್ದ ಲೈಟ್ ಎರಡನೇ ಮಳೆಗೇ ಸತ್ತುಹೋಯಿತು. ಅಂಗಡಿಯವರು ನೀರು ಹೋಗಿದೆ, ಗ್ಯಾರಂಟಿ ಇಲ್ಲ ಅಂದರು. ಇದು ಮೋಸ ಅಲ್ವಾ?

ಉತ್ತರ: ಮೋಸವೇ. ಆದರೆ ‘ವಾಟರ್‌ಪ್ರೂಫ್’ ಅನ್ನೋ ಪದಕ್ಕೆ ಡಬ್ಬದ ಮೇಲೆ ಗಟ್ಟಿ ಅರ್ಥ ಇಲ್ಲ. ಅರ್ಥ ಇರೋದು ನೀರು, ಧೂಳನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಸಂಖ್ಯೆಗೆ. ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ಎರಚುವ ನೀರನ್ನು ತಡೆಯುತ್ತದೆ. ಸಾಮಾನ್ಯ ಮಳೆಗೆ ಇದು ಕನಿಷ್ಠ. ಐಪಿಎಕ್ಸ್6 ಅಂದರೆ ಜೋರಾಗಿ ಚಿಮ್ಮುವ ನೀರಿನ ಧಾರೆ. ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಸರಿ. ತಮಾಷೆ ಅಂದರೆ 7 ಪಾಸಾದದ್ದು 6ನ್ನೂ ಪಾಸಾಗಿದೆ ಅಂತ ಏನಿಲ್ಲ, ಅವು ಬೇರೆ ಬೇರೆ ಪರೀಕ್ಷೆ. ಎಕ್ಸ್ ಇರುವ ಜಾಗ ಧೂಳಿನದು, ಅದಕ್ಕೆ ಅಂಕ ಕೊಟ್ಟಿಲ್ಲ ಅಂತ ಅರ್ಥ.

ಬಹಳ ಸಲ ನೀರು ಹೋಗೋದು ಚಾರ್ಜ್ ಮಾಡುವ ತೂತಿನಿಂದ. ಅದರ ರಬ್ಬರ್ ಮುಚ್ಚಳ ನೋಡಿ. ತೆಳ್ಳಗೆ, ನೂಲಿನಂಥ ಬಾಲದಲ್ಲಿ ನೇತಾಡುತ್ತಿದ್ದರೆ ಅದು ಆರು ತಿಂಗಳಲ್ಲಿ ಹರಿಯುತ್ತದೆ. ತೂತು ಲೈಟಿನ ಕೆಳಭಾಗದಲ್ಲಿದ್ದರೆ ವಾಸಿ. ಮಳೆಯಲ್ಲಿ ನೆಂದು ಬಂದ ಲೈಟನ್ನು ಒರೆಸಿ, ಒಣಗಿಸಿ, ಆಮೇಲೆ ಚಾರ್ಜಿಗೆ ಹಾಕಿ.

ಬ್ಯಾಟರಿ ಬಗ್ಗೆ ಕೇಳಿದ ಇತರರಿಗೂ ಇಲ್ಲೇ ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆ ಬಳಸದೆ ಇಡುವಾಗ ಅರ್ಧ ಚಾರ್ಜ್‌ನಲ್ಲಿಡಿ, ಪೂರ್ತಿ ಖಾಲಿ ಮಾಡಿ ಇಡಬೇಡಿ. ಚಳಿಯಲ್ಲಿ ಬೇಗ ಖಾಲಿಯಾದರೆ ಗಾಬರಿ ಬೇಡ, ಲಿಥಿಯಂ ಸೆಲ್‌ನ ಸ್ವಭಾವ ಅದು. ಉಬ್ಬಿದ ಸೆಲ್ ಕಂಡರೆ ಒತ್ತಿ ಕೂರಿಸೋಕೆ ಹೋಗಬೇಡಿ, ಬಳಸೋದನ್ನೇ ನಿಲ್ಲಿಸಿ. 18650 ಸೆಲ್ ಮೇಲೆ 9,900 ಮಿಲಿಆ್ಯಂಪ್ ಅವರ್ ಅಂತ ಇದ್ದರೆ ಮೇಲಿನ ಲೆಕ್ಕ ನೆನಪು ಮಾಡಿಕೊಂಡು ನಕ್ಕುಬಿಡಿ.

ಪ್ರಶ್ನೆ: ಅಪ್ಪನ ಸೈಕಲ್‌ನಲ್ಲಿ ಟೈರಿಗೆ ತಾಗಿ ಗುರ್‌ ಅನ್ನುವ ಡೈನಮೊ ಇತ್ತು. ಚಾರ್ಜ್ ಮಾಡುವ ರಗಳೆಯೇ ಇರಲಿಲ್ಲ. ಈಗ ಅದು ಯಾಕಿಲ್ಲ?

ಉತ್ತರ: ಇದೆ, ರೂಪ ಬದಲಾಗಿದೆ. ನನಗೂ ಆ ಶಬ್ದ ಕೇಳಿದರೆ ಬಾಲ್ಯವೇ ಬಂದಂತೆ ಆಗುತ್ತದೆ. ಡೈನಮೊ ಟೈರಿಗೆ ಒರಗಿಸಿದ ತಕ್ಷಣ ಸೈಕಲ್ ಭಾರ ಆಗುತ್ತಿತ್ತು, ಮಳೆಯಲ್ಲಿ ಜಾರಿ ಬೆಳಕು ಕಣ್ಣು ಮಿಟುಕಿಸುತ್ತಿತ್ತು, ನಿಂತರೆ ಪೂರ್ತಿ ಕತ್ತಲು. ಮುಂದೆ ಹಿಂದೆ ಎರಡೂ ಬಲ್ಬ್ ಇದ್ದ ಸೈಕಲ್‌ನಲ್ಲಿ ಇನ್ನೊಂದು ಕಾಟ. ಮುಂದಿನದು 2.4 ವ್ಯಾಟ್, ಹಿಂದಿನದು 0.6. ಮುಂದಿನ ಬಲ್ಬ್ ಹೋದರೆ ಕರೆಂಟೆಲ್ಲ ಪುಟ್ಟ ಹಿಂದಿನ ಬಲ್ಬಿಗೆ ನುಗ್ಗಿ ಅದೂ ಟಪ್ ಅನ್ನುತ್ತಿತ್ತು.

ಈಗಿನದು ಚಕ್ರದ ನಡುವಿನ ಹಬ್ ಒಳಗೇ ಕೂರುತ್ತದೆ. ಅದೇ ಹಳೆಯ 6 ವೋಲ್ಟ್, 3 ವ್ಯಾಟ್. ಆದರೆ ಆಗ ಆ 3 ವ್ಯಾಟಿನಲ್ಲಿ ಬಲ್ಬ್ ಕೆಂಪಗೆ ಮಂಕಾಗಿ ಉರಿಯುತ್ತಿತ್ತು, ಈಗ ಎಲ್‌ಇಡಿ ಅಷ್ಟರಲ್ಲೇ ದಾರಿ ತುಂಬ ಬೆಳಕು ಕೊಡುತ್ತದೆ. ಶಬ್ದ ಇಲ್ಲ, ಜಾರೋದಿಲ್ಲ. ಆರಾಮಾಗಿ ತುಳಿಯುವವರ ಕಾಲು 75–100 ವ್ಯಾಟ್ ಕೊಡುತ್ತಿರುತ್ತದೆ, ಅದರಲ್ಲಿ ಐದಾರು ವ್ಯಾಟ್ ಲೈಟಿಗೆ ಹೋದರೆ ಗೊತ್ತೂ ಆಗುವುದಿಲ್ಲ. ಒಳಗೆ ಸ್ವಲ್ಪ ಕರೆಂಟ್ ಕೂಡಿಡುವ ಒಂದು ಕೆಪಾಸಿಟರ್ ಇರುವ ಲೈಟ್ ಆದರೆ ನೀವು ಸಿಗ್ನಲ್‌ನಲ್ಲಿ ನಿಂತಾಗಲೂ ಕೆಲವು ನಿಮಿಷ ಉರಿಯುತ್ತದೆ. ಕೊಳ್ಳುವಾಗ ಅದನ್ನು ಕೇಳಿಯೇ ಕೊಳ್ಳಿ.

ತೊಂದರೆ ಒಂದೇ, ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕು. ವಾರಕ್ಕೊಮ್ಮೆ ಸೈಕಲ್ ಹತ್ತುವವರಿಗೆ ಇದು ಅತಿಯಾಯಿತು. ದಿನಾ ಕತ್ತಲಲ್ಲಿ ಹೋಗಿ ಬರುವವರು ಒಂದು ಸಲ ಹಾಕಿಸಿಕೊಂಡರೆ ಆಮೇಲೆ ಚಾರ್ಜ್ ಅನ್ನೋ ಪದ ಮರೆತುಬಿಡುತ್ತಾರೆ.

ಪ್ರಶ್ನೆ: ಹಗಲಲ್ಲೂ ಲೈಟ್ ಹಾಕ್ಕೊಂಡು ಹೋಗುವವರನ್ನು ನೋಡಿದ್ದೇನೆ. ಶೋಕಿನಾ?

ಉತ್ತರ: ಡೆನ್ಮಾರ್ಕಿನ ಓಡೆನ್ಸ್ ನಗರದಲ್ಲಿ 2004–05ರಲ್ಲಿ 3,845 ಸೈಕಲ್ ಸವಾರರ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರ ಸೈಕಲ್ಲಿಗೆ ಹಗಲೂ ರಾತ್ರಿ ತಾನಾಗಿ ಉರಿಯುವ, ಆಯಸ್ಕಾಂತದಿಂದ ನಡೆಯುವ ಲೈಟ್ ಹಾಕಿದರು, ಉಳಿದವರಿಗೆ ಇಲ್ಲ. ಲೈಟ್ ಇದ್ದವರಲ್ಲಿ ಗಾಯ ಆಗುವಂಥ ಅಪಘಾತ ಶೇ. 19ರಷ್ಟು ಕಡಿಮೆ. ಶೋಕಿ ಅನ್ನಿ, ನಾನಂತೂ ಹಾಕುತ್ತೇನೆ.

ಪ್ರಶ್ನೆ: ಮೊಬೈಲ್ ಟಾರ್ಚನ್ನೇ ಹ್ಯಾಂಡಲ್ಲಿಗೆ ಕಟ್ಟಿಕೊಂಡರೆ ಸಾಲದಾ?

ಉತ್ತರ: ಸಾಲದು. ಅದಕ್ಕೆ ಬೆಳಕನ್ನು ದೂರಕ್ಕೆ ಕಳಿಸುವ ಲೆನ್ಸ್ ಇಲ್ಲ. ನಾಲ್ಕೈದು ಮೀಟರ್ ಆಚೆ ಏನೂ ಕಾಣುವುದಿಲ್ಲ. ಜೊತೆಗೆ ಬಿದ್ದು ಪೆಟ್ಟಾದಾಗ ಫೋನ್ ಮಾಡೋಕೆ ಇರಬೇಕಾದ ಬ್ಯಾಟರಿ ಅದು.

ಪ್ರಶ್ನೆ: ದಾರಿ ಮಧ್ಯೆ ಮುಂದಿನ ಲೈಟ್ ಆರಿಹೋಯಿತು. ಹಿಂದಿನ ಕೆಂಪು ಲೈಟ್ ಬಿಚ್ಚಿ ಮುಂದೆ ಹಾಕಿಕೊಂಡು ಹೇಗೋ ಮನೆ ಸೇರಿದೆ. ಮಾಡಿದ್ದು ಸರೀನಾ?

ಉತ್ತರ: ಮನೆ ಸೇರಿದ್ದು ಸರಿ, ಉಳಿದದ್ದು ತಪ್ಪು. ಕತ್ತಲಲ್ಲಿ ಕೆಂಪು ಕಂಡರೆ ಎದುರಿನವರು ನೀವು ಆ ಕಡೆಗೆ ಹೋಗ್ತಾ ಇದ್ದೀರಿ ಅಂದುಕೊಳ್ಳುತ್ತಾರೆ. ನೀವು ಅವರ ಕಡೆಗೇ ಬರ್ತಾ ಇರುತ್ತೀರಿ. ಹಿಂದಿನಿಂದಲಂತೂ ನೀವು ಇಲ್ಲವೇ ಇಲ್ಲ. ಕೆಂಪನ್ನು ಹಿಂದೆಯೇ ಬಿಡಿ. ಇಳಿದು, ರಸ್ತೆಯ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ನಡೆಯಿರಿ, ಇಂಥ ಹೊತ್ತಿಗೆ ಮೊಬೈಲ್ ಟಾರ್ಚ್ ಕೈಯಲ್ಲಿರಲಿ. ಮುಂದಿನ ಸಲಕ್ಕೆ ಹೆಬ್ಬೆರಳು ಗಾತ್ರದ ಒಂದು ಚಿಕ್ಕ ಬಿಳಿ ಲೈಟನ್ನು ಸೀಟಿನ ಚೀಲದಲ್ಲಿ ಹಾಕಿಡಿ, ತಿಂಗಳಿಗೊಮ್ಮೆ ಅದು ಹತ್ತುತ್ತದಾ ಅಂತ ನೋಡಿ. ನನ್ನದು ಕಳೆದ ವಾರ ನೋಡಿದೆ, ಹತ್ತಲಿಲ್ಲ.